ಷರಾ

ಮೀನು ಡಬ್ಬಿಯ ಕಾರ್ಖಾನೆಯಲ್ಲಿ ಟ್ಯೂನಾ ಸೀಳುತ್ತಿದ್ದ ಕಾಲಕ್ಕೇ
ಹಿಂಬಾಗಿಲಿನಿಂದ ನನಗೆ ಅದರ ಪರಿಚಯ.
ಸದ್ದು ಮೊದಲು, ಆಮೇಲೆ ಎರಡು ಪ್ರೊಪೆಲ್ಲರು,
ಕೊನೆಗೆ ಬಾಲದ ಮೇಲಿನ ಅಕ್ಷರ: ಕ್ಯೂ, ವಿ.
ಮೇಸ್ತ್ರಿ ಬೈದ. ಬೆರಳು ಕೊಯ್ದುಕೊಂಡೆ. ಆದರೂ
ಏಪ್ರನ್ನಿನ ಅಂಚಿಗೆ ಪೆನ್ಸಿಲಿನಲ್ಲಿ ಗೀಚಿಟ್ಟೆ:
ಹನ್ನೊಂದು ನಲವತ್ತು. ಎಂಟು ನಿಮಿಷ ತಡ.

ಅನ್ಸೆಲ್ಮೋ ಸಿಕ್ಕಿದ್ದು ರನ್‌ವೇ ಬೇಲಿಯ ಹತ್ತಿರ.
ಹವಾಮಾನ ಕಚೇರಿಯ ನಿವೃತ್ತ ಗುಮಾಸ್ತ,
ಮಂಜನ್ನು ಮೂವತ್ತು ವರ್ಷ ಅಳೆದೂ
ಅದರ ಮೇಲಿನ ಸಿಟ್ಟು ಇಳಿಯದವ.
ಅವನ ಪುಸ್ತಕದಲ್ಲಿ ಆರು ವಿಮಾನಕ್ಕೆ ಆರು ಜಾತಕ:
ಹುಟ್ಟಿದ ಕಾರ್ಖಾನೆ, ಬಣ್ಣ ಬದಲಾದ ವರ್ಷ,
ಯಾವ ರೆಕ್ಕೆಗೆ ತೇಪೆ, ಯಾವ ಚಕ್ರ ಹಟಮಾರಿ.
ಬಲತುದಿಗೆ ಸಪೂರ ಒಂದು ಕಾಲಂ: ಷರಾ.

ಲೆಕ್ಕ ಕಲಿಸಿದವನೂ ಅವನೇ.
ಬೆಳಿಗ್ಗೆ ಟೆರ್ಸೇರಾದಲ್ಲಿ ಕಡಲಹಕ್ಕಿಯೊಂದು ಎಂಜಿನ್ನಿಗೆ ಬಿದ್ದರೆ
ಮಧ್ಯಾಹ್ನ ಹೋರ್ತಾದ ಮದುವೆಗೆ ಮದುಮಗಳ ಅಣ್ಣನಿಲ್ಲ,
ಸಂಜೆ ನಮ್ಮ ದ್ವೀಪಕ್ಕೆ ಇನ್ಸುಲಿನ್ ಇಲ್ಲ.
ಔಷಧದಂಗಡಿಯ ಎಡುವಿಜೆಸ್
ಕಂಪನಿಗೆ ಫೋನ್ ಮಾಡುವುದು ಎಂದೋ ಬಿಟ್ಟಿದ್ದಾಳೆ.
‘ಬರತ್ತಾ?’
‘ಬರತ್ತೆ. ಕ್ಯೂವಿ ಅಲ್ಲ, ಅದರ ತಂಗಿ.
ಏಳೂಕಾಲಿನವರೆಗೆ ಅಂಗಡಿ ತೆಗೆದಿಟ್ಟಿರು.’
ನಿಲ್ದಾಣದ ಹಲಗೆ ಆಗಲೂ ಮಿನುಗುತ್ತಿರುತ್ತದೆ:
ಸಮಯಕ್ಕೆ ಸರಿಯಾಗಿ.

ಚರ್ಚಿನ ಗಂಟೆ ಹೊಡೆಯುವವನ ಮೊಮ್ಮಗ ತೊಮೆ ಬಂದು ಸೇರಿದ.
ಕಣ್ಣು ಮುಚ್ಚಿಯೇ ಹೇಳುತ್ತಾನೆ ಯಾವುದೆಂದು,
ಅಮ್ಮನ ಚಪ್ಪಲಿ ಸಪ್ಪಳ ಹಿಡಿದವನಂತೆ.

ಕ್ಯೂವಿಗೆ ಮುಗಿಯಿತು ಎಂದು ನಮಗೆ ಯಾರೂ ಹೇಳಲಿಲ್ಲ.
ವಾರಕ್ಕೆ ಇಪ್ಪತ್ತು ಹಾರಾಟ ಹನ್ನೆರಡಾಯಿತು, ಐದಾಯಿತು.
ಉಳಿದ ಐದಕ್ಕೂ ಹೊಸ ಬಣ್ಣ ಬಂತು, ಇದಕ್ಕೆ ಬರಲಿಲ್ಲ.
ಹಬ್ಬಕ್ಕೆ ಬಟ್ಟೆ ತರುವುದು ನಿಲ್ಲಿಸಿದ ಮೇಲೆ
ಮನೆಯ ಮುದುಕಿಗೆ ಬಾಯಿಬಿಟ್ಟು ಹೇಳಬೇಕೆ?

ಬೀಳ್ಕೊಡುಗೆ, ಒಂದೂವರೆಗೆ. ಊರಿಗೆ ಊರೇ ನೆರೆಯಿತು.
ಮಂಜೂ ನೆರೆಯಿತು.
ಮೇಯರ್ ಎರಡು ಸಲ ಗಡಿಯಾರ ನೋಡಿ ಹೋದರು,
ಬ್ಯಾಂಡಿನವರು ತುತ್ತೂರಿಯ ಎಂಜಲು ಒರೆಸಿಕೊಂಡು ಹೋದರು,
ಕೇಕಿನ ಮೇಲಿನ ಸಕ್ಕರೆಯ ವಿಮಾನ
ಮೂಗಿನಿಂದ ಕರಗತೊಡಗಿತು. ತೊಮೆ ತಿಂದ.
ಮೂವರೇ ಉಳಿದೆವು. ಆಚೆ, ಮಬ್ಬಿನಲ್ಲಿ, ಅದು.
ಅನ್ಸೆಲ್ಮೋ ಅದರ ತೇಪೆಗಳನ್ನೆಲ್ಲ ಬಾಯಿಪಾಠ ಒಪ್ಪಿಸಿದ,
ನಾನು ಅದು ತಡ ಮಾಡಿದ ದಿನಗಳನ್ನು.
ನನ್ನ ಹೆರಿಗೆಯ ದಿನವೂ ಒಂದು. ಹೆತ್ತದ್ದು ನಿಲ್ದಾಣದ ಬೆಂಚಿನ ಮೇಲೆ.

ಐದೂ ಇಪ್ಪತ್ತಕ್ಕೆ ಬಿಳುಪಿನೊಳಗೆ ಸದ್ದು.
ಕಾಣಲೇ ಇಲ್ಲ. ಹೋದದ್ದನ್ನು ಕೇಳಿದೆವು, ಅಷ್ಟೆ.
ತೊಮೆ ಅಂದ, ‘ಎಡಗಡೆಯದು ಇವತ್ತು ಚೆನ್ನಾಗಿ ತಿರುಗ್ತಿದೆ.’
ರಾತ್ರಿ ಫೋನಿನ ನಕ್ಷೆಯಲ್ಲಿ ಕಡಲ ಮೇಲೊಂದು ಚುಕ್ಕಿ,
ಆಮೇಲೆ ಅಲೆಂತೇಜುವಿನ ಒಣ ಬಯಲು, ಗುಜರಿಯವರ ಅಂಗಳ.
ಚುಕ್ಕಿ ಆರಿತು. ಅನ್ಸೆಲ್ಮೋ ಏನೂ ಬರೆಯಲಿಲ್ಲ.

ಸೆಪ್ಟೆಂಬರಿನಲ್ಲಿ ಹೊಸದು ಬಂತು, ನುಣ್ಣಗೆ, ಕೆಮ್ಮದೆ.
ಬಾಲದ ಮೇಲೆ ಮತ್ತೆ ಅದೇ: ಕ್ಯೂ, ವಿ.
‘ಅಜ್ಜಿಯ ಹೆಸರನ್ನು ಕೂಸಿಗೆ ಇಡೋದಿಲ್ವೇ?’ ಅಂದೆ.
‘ಇಡ್ತಾರೆ. ಅಜ್ಜಿಯ ಪುಟದಲ್ಲಿ ಬರೆಯೋದಿಲ್ಲ,’
ಎಂದು ಹೊಸ ಹಾಳೆ ತೆಗೆದ.
ಆಮೇಲೆ ಹಳೆಯದಕ್ಕೆ ಮರಳಿ, ಷರಾ ಕಾಲಮ್ಮಿನಲ್ಲಿ:
ಮೂರು ಗಂಟೆ ಐವತ್ತು ನಿಮಿಷ ತಡ. ಕಾರಣ, ಮಂಜು.
ಪೆನ್ನು ತಡೆದ. ಪಕ್ಕದಲ್ಲಿ ಸಣ್ಣಗೆ
‘ಒಳ್ಳೆಯ ಮಂಜು’ ಎಂದು ಸೇರಿಸಿದ.

ಅಷ್ಟರಲ್ಲಿ ಫೋನು. ಎಡುವಿಜೆಸ್.
‘ಬರತ್ತಾ?’
‘ಬರತ್ತೆ,’ ಅಂದೆ.
ಯಾವುದು ಅಂತ ಕೇಳಿದಳು.
ಹೆಸರು ಹೇಳೋಕೆ ಒಂದು ಗಳಿಗೆ ಹಿಡಿಯಿತು.