ಹನ್ನೊಂದನೇ ತಾಟು

ಬೆಟಗೇರಿ ಗಟಾರದ ಕೆಂಪು ನೀರು ಒಂದು ಬಾಟ್ಲಿ
ನಾನಽ ತಂದಿದ್ದೆ, ಗದಗ ಸ್ಟ್ಯಾಂಡಿನಾಗ ಬಸ್ ಹತ್ತಿ
ತೊಡಿ ಮ್ಯಾಲೆ ಇಟಗೊಂಡು.
ಶರಬತ್ತೇನ್ರೀ ಅಕ್ಕಾರ, ಅಂದ ಕಂಡಕ್ಟರ್.
ಹೂಂ, ಕುಡಿಯವರು ಧಾರವಾಡದಾಗ ಅದಾರ, ಅಂದೆ.

ಅಲ್ಲಿ ಲ್ಯಾಬಿನಾಗ ಗಾಜು ತೊಳಿಯೂದು ನನ್ನ ಕೆಲಸ.
ವಿಜಯಮಾಲಾ ಮೇಡಂ ಕೆಂಪು ಬಣ್ಣ ಕಲಸಿದ ಅಗರಿನ ಮ್ಯಾಲೆ
ಆ ನೀರು ಸವರಿ ಇಪ್ಪತ್ತು ತಾಟು ಮಾಡಿದರು.
ಮೂರನೇ ದಿನಕ್ಕ ಸಾಬೂದಾಣಿಯಂಥ ಚುಕ್ಕಿ,
ಬಾಳಷ್ಟು ಒಂದಽ ಕುಲದವು, ಒಂದಽ ರೂಪ,
ಕೆಂಪಿನಾಗ ಸುಮ್ಮನ ಕುಂತಿದ್ದುವು.
ಹನ್ನೊಂದನೇ ತಾಟಿನ್ಯಾಗ ಒಂದು ಮಾತ್ರ
ತನ್ನ ಸುತ್ತ ಅಂಗಳ ಬೆಳ್ಳಗ ಮಾಡಿಕೊಂಡಿತ್ತು.

ಅದರ ಅಕ್ಷರ ಓದಿಸಿದರು. ಐವತ್ತು ಲಕ್ಷ.
ಅಕ್ಕ ತಂಗೇರಿಗಿಂತ ಹೆಚ್ಚಿಗಿ ಒಂದು ಸಣ್ಣ ಉಂಗುರ ಇತ್ತು,
ಹೆತ್ತಾಕಿ ಕೊಟ್ಟದ್ದಲ್ಲ,
ಗಟಾರದಾಗ ಮೈಗೆ ಮೈ ತಾಗಿದಾಗ
ಯಾರೋ ಬ್ಯಾರೆ ಕುಲದವರು ದಾಟಿಸಿದ್ದು.
ಅದರಾಗೂ ಒಂದಕ್ಷರ ತಪ್ಪು.
ತಪ್ಪಿದ್ದಕ್ಕಽ ಹಲ್ಲು ಬಂದಾವ, ಅಂದರು ಮೇಡಂ,
ಕೆಂಪಿನ ನಡಾ ಮುರಿಯೂ ಹಲ್ಲು.
ನಮ್ಮಜ್ಜ ಅದ್ದಿದ ನೂಲಿನಾಗ ಒಂದು ಲಡಿ ಮಬ್ಬಾದರ
ಸಾವಕಾರ ಮಾರಿ ಮ್ಯಾಲೆ ಒಗದು ಕಳಸತಿದ್ದ.

ಬಣ್ಣ ಹೋತು. ವಿಷ ಹೋಗಿರಲಿಲ್ಲ.
ಆ ತಿಳಿ ನೀರಿನಾಗ ಮೆಂತ್ಯ ಮೊಳಕಿ ಒಡೀಲಿಲ್ಲ.
ಮುರಿದ ತುಂಡು ಉಣ್ಣಾಕ ಏಳನೇ ತಾಟಿನ ಹಳದಿ ಚುಕ್ಕಿ ಬೇಕಾತು.
ಅದಕ್ಕ ಮುರಿಯಾಕ ಬರೂದಿಲ್ಲ,
ಮುರಿದದ್ದನ್ನ ಬಿಡೂದಿಲ್ಲ.

ದೀಪಾವಳಿ ಸೂಟಿಗೆ ಸಕ್ಕರಿ ಗಂಜಿ ಹಾಕಿ ಬಂದ್ವಿ.
ತಿರುಗಿ ಬಂದು ಅದರಿಂದ ಅದಕ್ಕ, ಅದರಿಂದ ಇದಕ್ಕ,
ತಿಂಗಳಪೂರ್ತಿ ಸಕ್ಕರಿನಽ.
ದುಂಡಗ ಬೆಳದು ನಿಂತುವು. ಕೆಂಪು ಕೊಟ್ಟರ
ಮೂಸಿನೂ ನೋಡವಲ್ಲವು.
ಉಂಗುರ ಭಾರಾತು, ಇಳಿಸಿ ಇಟ್ಟಾವ, ಅಂದರು ಮೇಡಂ.
ಫ್ರೀಜರಿನ ತಳದಾಗ ಹಳೇದೊಂದು ಕೊಳವಿ ಇತ್ತು ಅಂತ
ಬದುಕಿದ್ವಿ.

ನಮ್ಮ ಅಡ್ಡೆಸರು ನೀಲಗಾರ.
ಅಪ್ಪ ರೈಲ್ವೇ ವರ್ಕ್‌ಶಾಪಿನ ಪಗಾರ ಉಂಡ,
ನಾ ಯುನಿವರ್ಸಿಟೀದು.
ಹರವಿಗೆ ಸುಣ್ಣ ಎಷ್ಟು, ನೀಲಿ ಎಷ್ಟು, ಕೇಳಬ್ಯಾಡ್ರಿ.
ಒಂದಽ ನೆನಪೈತಿ: ಚಳಿಗಾಲದ ನಸುಕಿನ್ಯಾಗ ಅಜ್ಜ
ಹರವಿಗೆ ಕಿವಿ ಹಚ್ಚಿ, ಬೆಲ್ಲದ ಹೆಂಟಿ ಒಳಗ ಬಿಟ್ಟು
ಅಂತಿದ್ದ, ಹಸಿದಾವ ಪಾಪ.

ಯಾವುವು ಅಂತ ನಾ ಕೇಳಿರಲಿಲ್ಲ.