ಬಾಯಿ ಬಿಟ್ಟರ ಬೆಲೆ

ಮೊದಲ ಪಾಠ: ಬೇಕಾದದ್ದರ ಕಡೆ ನೋಡಬಾರದು.
ಶನಿವಾರ ಖೂಟದ ಹಿಂದಿನ ಸಂದ್ಯಾಗ
ಬಾಳೇಕುಂದ್ರಿ ಚಾಚಾನ ರದ್ದಿ ಅಂಗಡಿ.
ತಕ್ಕಡಿಯ ಒಂದು ತಟ್ಟಿಯೊಳಗ ಬೆಕ್ಕು ಮಲಗಿರತೈತಿ,
ಇನ್ನೊಂದರಾಗ ಹತ್ತನೇತ್ತೆ ಗೈಡು.
ನಾ ಹೋದವನ ಅಡಿಗಿ ಪುಸ್ತಕ ಎತ್ತತೀನಿ.
"ಇದಕ್ಕೆಷ್ಟು?"
"ಹತ್ತು."
"ಎಂಟು?"
"ಯಾವಾಗಿಂದ ಅಡಿಗಿ ಮಾಡಾಕತ್ತೀರಿ ನೀವು?"

ಹದಿನಾಲ್ಕು ವರ್ಷದಿಂದ ಹಿಂಗ.
ಉದ್ಯಮಬಾಗದಾಗ ಲೇತ್ ಮುಂದ ನಿಂತು
ಕೂದಲೆಳಿಯ ಹತ್ತನೇ ಪಾಲು ಅಳಿಯೋ ಕಣ್ಣು ನನ್ನವು.
ರವಿವಾರ ಅವಕ್ಕ ಬ್ಯಾರೇ ಕೆಲಸ:
ಬೆನ್ನಿನ ಪಿನ್ನಿಗೆ ತುಕ್ಕು ಎಷ್ಟು,
ಮೂಲಿ ಎಷ್ಟು ಮಡಿಚೈತಿ,
ನಡುವಿನ ಎರಡು ಹಾಳಿ ಅದಾವೋ ಇಲ್ಲೋ,
ಯಾವಾಗಲೂ ಹರಿಯೂದು ಅಲ್ಲೇ.
ಉಗುರಿನ ಸಂದಿನ ಕರಿ ಹೋಗೂಮಟ
ಸೀಮೆಎಣ್ಣಿಲೆ ತಿಕ್ಕೊಂಡು ಬಂದಿರತೀನಿ.
ದೇವರ ಮನಿಗೂ ಅಷ್ಟು ಮಡಿಲೆ ಹೋದವನಲ್ಲ.

ಅವತ್ತು ಕ್ಯಾಂಪಿನ ಯಾರೋ ಸುಬೇದಾರಗ ವರ್ಗ ಆಗಿತ್ತು,
ಮೂರು ಗೋಣಿಚೀಲ ಬಂದಿದ್ದವು.
ಮರಾಠಿ ದೀಪಾವಳಿ ಅಂಕ, ರೇಲ್ವೆ ವೇಳಾಪಟ್ಟಿ,
ಅವುಗಳ ನಡುವ
'ಕಾಗಿಮುಖದ ಕಪ್ತಾನ', ಒಂಬತ್ತನೇ ಸಂಚಿಕೆ.
ಎದಿ, ಬಿಗಿ ತಪ್ಪಿದ ಬೆಲ್ಟಿನಂಗ ಪಟಪಟ.
ನಾನಿನ್ನೂ ಮುಟ್ಟಿರಲಿಲ್ಲ.
ಚಾಚಾ ಬೆಕ್ಕಿನ ಕಡೆ ನೋಡಕೋಂತ ಅಂದ,
"ಐದುನೂರ."

"ಕಿಲೋಕ್ಕ ಹನ್ನೆರಡರಂಗ ತಗೊಂಡದ್ದರೀ ಇದು!"
"ಹೌದ. ನೀವೂ ಕಬ್ಬಿಣ ಕಿಲೋಕ್ಕ ತಗೋತೀರಿ.
ಕಡದು ಸಾಮಾನು ಮಾಡಿದ ಮ್ಯಾಲೆ
ಕಿಲೋಕ್ಕ ಮಾರತೀರೇನು?"

ಮುಖಪುಟದ ಕಪ್ತಾನಗ ಯಾವದೋ ಹುಡುಗ
ನೀಲಿ ಪೆನ್ನಿಲೆ ಮೀಸಿ ಬರದಿದ್ದ.
ತೋರಿಸಿದೆ. ಡಾಗು, ನೂರು ಕಡಿಮಿ ಮಾಡ್ರಿ ಅಂದೆ.
"ಮೀಸಿ ಇರೋ ಕಾಗಿ ಎಲ್ಲೆರ ನೋಡೀರಿ?
ಊರಿಗೆಲ್ಲ ಇದ ಒಂದ. ನೂರು ಜಾಸ್ತಿ ಹೇಳಬೇಕಿತ್ತು."

ಸರಿ, ಹೊರಟೆ. ಇದು ಎರಡನೇ ಪಾಠ.
ಆರನೇ ಹೆಜ್ಜಿಗೆ ಕರೀತಾನ, ಪ್ರತೀ ಸಲ.
ಏಳು. ಎಂಟು.
ಒಂಬತ್ತಕ್ಕ ಬೂಟಿನ ಲೇಸು ಕಟ್ಟಾಕ ಬಗ್ಗಿದೆ.
ಕಾಲಾಗ ಚಪ್ಪಲಿ ಅದಾವು ಅನ್ನೂದು
ಬಗ್ಗಿದ ಮ್ಯಾಲೆ ಗೊತ್ತಾತು.
"ಬರ್ರಿ, ಚಾ ಬಂದೈತಿ," ಚಾಚಾನ ದನಿಯೊಳಗ ನಗಿ.
ಚಾ ಆರೂದರಾಗ ಮುನ್ನೂರಾ ಎಂಬತ್ತು.
ಬಸಿ ಖಾಲಿ ಆಗೂದರಾಗ ಮುನ್ನೂರಾ ನಲವತ್ತು.

ಪೇಪರಿನಾಗ ಸುತ್ತಿ, ದಾರ ಬಿಗೀಕೋಂತ ಕೇಳಿದ:
"ಇದರದ ಹದಿನೇಳನೇದು ಎಲ್ಲೆರ ಕಂಡೈತೇನ್ರಿ?
ಸಣ್ಣವಿದ್ದಾಗ ಇದ ಅಂಗಡ್ಯಾಗ, ಇಲ್ಲೇ ನಿಂತು
ಅರ್ಧಾ ಓದಿದ್ದೆ. ಕಪ್ತಾನ ಬಾವ್ಯಾಗ ಬಿದ್ದಿದ್ದ.
ಅಷ್ಟರಾಗ ಅಬ್ಬಾ ಕೈಯಾಂದ ಕಸಗೊಂಡು ತೂಗಿ
ಭಜಿ ಅಂಗಡಿಯವರಿಗೆ ಕೊಟ್ಟಬಿಟ್ಟ.
ಐವತ್ತು ವರ್ಷ ಆತು. ಸಿಕ್ಕರ ಹೇಳ್ರಿ,
ಎಷ್ಟರ ಆಗಲಿ, ಕೊಡತೀನಿ."

ಎಷ್ಟರ ಆಗಲಿ.
ಹದಿನಾಲ್ಕು ವರ್ಷದಾಗ ಆ ಬಾಯಿಂದ
ಆ ಮಾತು ಕೇಳಿರಲಿಲ್ಲ.
ನನ್ನ ಟ್ರಂಕಿನ ತಳಕ್ಕ, ಬೇವಿನ ಸೊಪ್ಪಿನಾಗ
ಹದಿನೇಳನೇದು ಐತಿ. ಪಿನ್ನೂ ತುಕ್ಕು ಹಿಡಿದಿಲ್ಲ.
ನಾ ಅಂದೆ,
"ನೋಡೂನು ಚಾಚಾ. ಸಿಗೂದು ಭಾಳ ಕಷ್ಟ."
ದನಿ ಪೂರಾ ಅವನದ.
ಬೆಕ್ಕು ಒಂದು ಕಣ್ಣು ತಗದು, ಮುಚ್ಚಿತು.

ರಾತ್ರಿ ಟ್ರಂಕ್ ತಗದೆ.
ಇಪ್ಪತ್ಮೂರನೇ ಪುಟ, ಬಾವಿ, ಮ್ಯಾಲಿಂದ ಇಳಿದ ಹಗ್ಗ.
ಹಗ್ಗದ ಇನ್ನೊಂದು ತುದಿ ಹಿಡದವರು ಯಾರು
ಅನ್ನೂದು ಪುಟ ತಿರುವಿದರ ಐತಿ.
ತಿರುವಲಿಲ್ಲ. ಹಂಗ ಬೇವಿನಾಗ ಇಟ್ಟೆ.
ರವಿವಾರಕ್ಕ ಇನ್ನೂ ಆರು ದಿನ.