ಟ್ರಯಲ್

ಗಾಡಿ ಬಿಚ್ಚಿದ ಮೇಲೆ ಓಡಿಸುವವನನ್ನು ಏನೂ ಕೇಳಬೇಕಾಗಿಲ್ಲ.
ಸವೆದದ್ದೇ ಎಲ್ಲ ಹೇಳುತ್ತದೆ.

ಕೆರಗೋಡಿನ ಬೋರಲಿಂಗುವಿನ ಎಕ್ಸೆಲ್ಲು:
ಎರಡು ಹಾಲಿನ ಕ್ಯಾನು, ಒಂದು ಹೊರೆ ಸೀಮೆಹುಲ್ಲು,
ಹುಲ್ಲಿನ ಮೇಲೆ ಮೊಮ್ಮಗಳು.
ಮಂಡಿ ಅಗಲಿಸಿ ನಾಲೆ ಏರಿಯ ಮೇಲೆ ಬರುತ್ತಾನೆ,
ನೇಗಿಲ ಸಾಲು ಹಿಡಿದವನ ಹಾಗೆ.
ಬ್ರೇಕ್ ಶೂ ನೋಡಿದರೆ ಹೊಸದು, ಹೊಸದು!
ನಿಲ್ಲಬೇಕಾದಾಗ ಎರಡೂ ಕಾಲು ನೆಲಕ್ಕೆ ಎಳೆಯುತ್ತಾನೆ.
ಸವೆದಿರುವುದು ಅವನ ಚಪ್ಪಲಿ.

ಮೈಸೂರು ಅಗ್ರಹಾರದ ನರಸರಾಜಯ್ಯನವರ ಜಾವಾ.
ಕಿಕ್ಕಿಗೂ ಗೇರಿಗೂ ಒಂದೇ ಕಡ್ಡಿ;
ಅದನ್ನವರು ಒದೆಯುವುದಿಲ್ಲ,
ಮಲಗಿದವರನ್ನು ಎಬ್ಬಿಸುವಂತೆ ಮುಟ್ಟುತ್ತಾರೆ.
ಬೆನ್ನು ನೆಟ್ಟಗೆ. ಸರ್ಕಲ್ಲಿನಲ್ಲಿ ಬಲಗೈ ಚಾಚಿ
ಈಗ ಯಾರಿಗೂ ಅರ್ಥವಾಗದ ಸಿಗ್ನಲ್ಲು.

ಟೈರಿನ ಅಂಚು ತಿಂದಿದ್ದರೆ ಚಾಮುಂಡಿ ಬೆಟ್ಟದ ತಿರುವಿನ ಹುಡುಗರು,
ನಡು ತಿಂದಿದ್ದರೆ ಬೆಂಗಳೂರಿನ ಕಡೆಯವರು:
ಹೊಟ್ಟೆ ಟ್ಯಾಂಕಿಗೆ ಅಂಟಿಸಿ,
ಎಕ್ಸ್‌ಪ್ರೆಸ್‌ವೇಗೆ ಬಿಡಲಿಲ್ಲವೆಂಬ ಸಿಟ್ಟನ್ನೆಲ್ಲ
ಸರ್ವಿಸ್ ರಸ್ತೆಯ ಮೇಲೆ ತೀರಿಸಿಕೊಂಡು ಬರುತ್ತಾರೆ.
ಗುತ್ತಲು ಕಾಲೊನಿಯ ನೂರ್‌ಜಾನ್ ಟೀಚರ್ ಸ್ಕೂಟಿಯಲ್ಲಿ
ಹಾರನ್ನಿನ ಗುಂಡಿ ಮಾತ್ರ ತೂತು.

ಇದು ಸುಲಭದ ಭಾಗ.
ಕಷ್ಟ ಇರುವುದು ಟ್ರಯಲ್ಲಿನಲ್ಲಿ.

'ಕಟಕಟ ಅಂತದೆ ಮೇಸ್ತ್ರಿ' ಅನ್ನುತ್ತಾನೆ ಬೋರಲಿಂಗು.
ನನ್ನ ಪಾಡಿಗೆ ನಾನು ಓಡಿಸಿದರೆ ಅನ್ನುವುದಿಲ್ಲ.
ಮಂಡಿ ಅಗಲಿಸಿ, ಕ್ಯಾನಿನ ಭಾರ ನೆನೆದು,
ಗುಂಡಿಗೆ ದಾರಿ ಕೊಟ್ಟು ಹೋದರೆ
ಆಗ ಅನ್ನುತ್ತದೆ.
ಚಿಕ್ಕೈದೇಗೌಡರ ಹಳೆ ಬುಲೆಟ್ಟಿಗೆ
ಬಲಗಾಲಲ್ಲಿ ಗೇರು, ಎಡಗಾಲಲ್ಲಿ ಬ್ರೇಕು;
ಅದರ ಮೇಲೆ ಕೂತ ಕೂಡಲೇ
ನನಗೂ ಹತ್ತೆಕರೆ ಗದ್ದೆ ಬರುತ್ತದೆ,
ಎದುರಿನ ಬಸ್ಸೇ ಸರಿಯಲಿ ಎನ್ನಿಸುತ್ತದೆ.

ಮೂವತ್ತೊಂದು ವರ್ಷ ಹೀಗೆ
ಊರಿನವರ ಓಟವನ್ನೆಲ್ಲ ಓಡಿದೆ.

ಹೋದ ಭಾನುವಾರ ಜಯಶೀಲಳ ತವರು ದುದ್ದಕ್ಕೆ ಹೊರಟೆವು,
ನನ್ನದೇ ಗಾಡಿಯಲ್ಲಿ.
ಹಂಪು ಬಂತು, ಎರಡೂ ಕಾಲು ನೆಲಕ್ಕೆ ಬಿದ್ದವು.
ಸರ್ಕಲ್ಲು ಬಂತು, ಬಲಗೈ ತಾನಾಗಿ ಚಾಚಿಕೊಂಡಿತು.
ಆಲೆಮನೆಯ ಹತ್ತಿರ ಗೇರು ಇಳಿಸಲು ಹೋಗಿ
ಬಲಗಾಲಲ್ಲಿ ಬ್ರೇಕು ತುಳಿದೆ.
ಅವಳ ಹಣೆ ನನ್ನ ಬೆನ್ನಿಗೆ ಬಡಿಯಿತು.

'ಇದ್ಯಾರ ಥರ ಓಡುಸ್ತಿದ್ದೀರಿ?'

ಹೇಳಲು ನನ್ನಲ್ಲಿ ಹೆಸರುಗಳಿದ್ದವು,
ನನ್ನದೊಂದನ್ನು ಬಿಟ್ಟು.

'ಇಳೀರಿ' ಅಂದಳು.
ಸೆರಗು ಸೊಂಟಕ್ಕೆ ಸಿಕ್ಕಿಸಿ
ಮುಂದೆ ಕೂತಳು. ಅವಳದು ಅವಳದೇ ಓಟ:
ಎಮ್ಮೆ ಅಡ್ಡ ಬಂದರೆ ಎಮ್ಮೆಯ ಜೊತೆ ಮಾತಾಡಿಕೊಂಡು,
ಮೂರನೇ ಗೇರಿನಿಂದ ಮೇಲೆ ಹೋಗದೆ.

ಹಿಂದೆ ಕೂತವನಿಗೆ ಕೆಲಸವಿರಲಿಲ್ಲ.
ಕಬ್ಬಿನ ಗದ್ದೆಗಳು ಮುಗಿಯುವ ಹೊತ್ತಿಗೆ
ಕಾಲಡಿಯಲ್ಲಿ ಒಂದು ಸಣ್ಣ ಕಿರುಗುಟ್ಟುವಿಕೆ ಕೇಳಿಸಿತು.
ಯಾವಾಗಿನಿಂದ ಇತ್ತೋ.

ಚೈನು. ಒಣಗಿ ಹೋಗಿದೆ.